ಆಳುವವರೂ ಕೇಳುವವರೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ತಿರುಮಕೂಡಲು ನರಸೀಪುರದಲ್ಲಿ ನಡೆದ ಉಪನ್ಯಾಸ)

 

ಕಾವೇರಿಯೂ ಕಪಿಲೆಯೂ ಕೂಡುವ ಈ ಕ್ಷೇತ್ರದಲ್ಲಿ, ನದಿಗಳು ಕೂಡಿದ ಬಳಿಕ ಇದು ಈ ನದಿಯ ನೀರು, ಅದು ಆ ನದಿಯ ನೀರು ಎಂದು ಬೇರ್ಪಡಿಸಿ ತೋರಿಸುವುದು ಯಾರಿಂದಲೂ ಆಗದು. ರಾಜ್ಯಾಡಳಿತದಲ್ಲಿಯೂ ಕಾರ್ಯಾಂಗ, ಶಾಸಕಾಂಗಗಳೆಂಬ ಎರಡು ಪ್ರವಾಹಗಳು ಹೀಗೆಯೇ ಬೆರೆತು ಹರಿಯುತ್ತವೆ. ಆದರೆ ನದಿಗಳಿಗಿಲ್ಲದ ಒಂದು ಕಟ್ಟಳೆಯು ಇವಕ್ಕುಂಟು. ಕೂಡಿದ ಮೇಲೆಯೂ ಇವು ತಮ್ಮ ತಮ್ಮ ಸ್ವರೂಪವನ್ನು ಉಳಿಸಿಕೊಂಡಿರಬೇಕು. ಒಂದು ಮತ್ತೊಂದನ್ನು ನುಂಗಿದರೆ ಪ್ರಜೆಗಳಿಗೆ ಕೇಡು ತಪ್ಪದು. ಇವೆರಡೂ ಅಧಿಕಾರವನ್ನು ಹೇಗೆ ಹಂಚಿಕೊಂಡಿವೆ, ಯಾವ ಯಾವ ಸ್ಥಳಗಳಲ್ಲಿ ಸೆಣಸಿವೆ ಎಂಬುದೇ ಈ ಉಪನ್ಯಾಸದ ವಿಷಯ.

ಇದು ರಾಜಧಾನಿಯ ಪಂಡಿತರಿಗೆ ಮಾತ್ರ ಸಂಬಂಧಿಸಿದ ವಿಚಾರವೆಂದು ಭಾವಿಸಬಾರದು. ನಾಲೆಯಲ್ಲಿ ನೀರು ಬರುವುದೋ ಬಾರದೋ, ಹೊಲವನ್ನು ಯಾರು ಕೊಳ್ಳಬಹುದು ಯಾರು ಕೊಳ್ಳಬಾರದು, ತೆರಿಗೆಯಾಗಿ ಕೊಟ್ಟ ಹಣವು ಎಲ್ಲಿ ವೆಚ್ಚವಾಯಿತು, ಇವೆಲ್ಲವೂ ಈ ಎರಡು ಅಂಗಗಳ ಹೊಂದಾಣಿಕೆ, ಜಗ್ಗಾಟಗಳಿಂದಲೇ ನಿಶ್ಚಯವಾಗತಕ್ಕವು.

ಪ್ರಾಚೀನ ರಾಜನೀತಿಶಾಸ್ತ್ರದಲ್ಲಿ ರಾಜ್ಯಕ್ಕೆ ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ಏಳು ಅಂಗಗಳನ್ನು ಹೇಳಿದೆ. ಈ ಏಳರಲ್ಲಿ ಕಾಯಿದೆ ಮಾಡುವ ಸಭೆಯೆಂಬ ಅಂಗವು ಕಾಣುವುದಿಲ್ಲ. ಧರ್ಮವು ಶಾಸ್ತ್ರದಿಂದಲೂ ಆಚಾರದಿಂದಲೂ ಸಿದ್ಧವಾಗಿಯೇ ಇದೆ, ಅದನ್ನು ನಡೆಯಿಸುವುದೇ ಅರಸನ ಕೆಲಸ ಎಂಬುದು ಆ ಕಾಲದ ಭಾವನೆ. ಅಮಾತ್ಯನು ಲೆಕ್ಕವನ್ನೊಪ್ಪಿಸಬೇಕಾದುದು ಅರಸನಿಗೆ. ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿದ್ದ ಬಸವಣ್ಣನವರ ಮೇಲೆ ಬೊಕ್ಕಸದ ಹಣದ ವಿಷಯವಾಗಿ ಚಾಡಿ ಹುಟ್ಟಿದಾಗ, ಅವರು ಅರಸನ ಮುಂದೆಯೇ ಲೆಕ್ಕವನ್ನೊಪ್ಪಿಸಿ ನಿಷ್ಕಳಂಕರೆನಿಸಿದ ಕಥೆಯು ಶರಣರ ಚರಿತ್ರೆಗಳಲ್ಲಿ ಪ್ರಸಿದ್ಧವಾಗಿದೆ. ಈ ತಾಲ್ಲೂಕಿನಲ್ಲಿಯೇ ತಲಕಾಡಿನ ಬಳಿ ಕಾವೇರಿಗೆ ಕಟ್ಟಿರುವ ಹಳೆಯ ಅಣೆಕಟ್ಟು ಮಾಧವಮಂತ್ರಿಯ ಹೆಸರನ್ನು ಹೊತ್ತಿದೆ. ಮಂತ್ರಿಯು ಒಳ್ಳೆಯವನಾದರೆ ಕಾಲುವೆಗೆ ನೀರು ಬಂದಿತು. ಅದು ಜನರ ಭಾಗ್ಯ. ಮಂತ್ರಿಯು ಒಳ್ಳೆಯವನಲ್ಲದಿದ್ದರೆ ಗತಿಯೇನು? ಊರಿನ ಮಟ್ಟದಲ್ಲಿ ಪಂಚಾಯಿತಿಗಳಿದ್ದುವು. ಆದರೆ ರಾಜ್ಯದ ಮಟ್ಟದಲ್ಲಿ ಪ್ರಜೆಗಳ ಪರವಾಗಿ ಕುಳಿತು ಮಂತ್ರಿಯನ್ನು ಕೇಳುವ ಸ್ಥಿರವಾದ ಏರ್ಪಾಡು ಇರಲಿಲ್ಲ. ಅಂಥ ಏರ್ಪಾಡನ್ನು ಹುಡುಕಿಕೊಂಡು ಹೋದ ಕಥೆಯೇ ಶಾಸಕಸಭೆಗಳ ಚರಿತ್ರೆ.

ಈ ಚರಿತ್ರೆಯಲ್ಲಿ ಮೈಸೂರು ದೇಶಕ್ಕೆ ಒಂದು ವಿಶೇಷವಾದ ಸ್ಥಾನವಿದೆ. ೧೮೮೧ನೆಯ ಇಸವಿ ಮಾರ್ಚ್ ೨೫ರಂದು ರಾಜ್ಯವು ಬ್ರಿಟಿಷರ ಆಡಳಿತದಿಂದ ಶ್ರೀ ಚಾಮರಾಜೇಂದ್ರ ಒಡೆಯರವರ ಕೈಗೆ ಮರಳಿತು. ಅದೇ ವರ್ಷ ಅಕ್ಟೋಬರ್ ೭ರಂದು, ದಿವಾನ್ ರಂಗಾಚಾರ್ಲು ಅವರ ಯತ್ನದಿಂದ, ಪ್ರಜಾಪ್ರತಿನಿಧಿ ಸಭೆಯು ಮೊದಲ ಬಾರಿಗೆ ಸೇರಿತು. ಬಂದಿದ್ದ ಸದಸ್ಯರು ೧೪೪ ಮಂದಿ. ತಾಲ್ಲೂಕುಗಳಿಂದ ಆಯ್ದು ಕಳುಹಿಸಿದ ಭೂಹಿಡುವಳಿದಾರರೂ ಪಟ್ಟಣಗಳ ವರ್ತಕರೂ ಅವರಲ್ಲಿದ್ದರು. ದಿವಾನರು ರಾಜ್ಯದ ಆಯವ್ಯಯವನ್ನೂ ವರ್ಷದ ಆಡಳಿತದ ವಿವರವನ್ನೂ ಓದಿ ಹೇಳಿದರು. ಸದಸ್ಯರು ತಮ್ಮ ತಮ್ಮ ಸೀಮೆಯ ಕೆರೆ, ರಸ್ತೆ, ಕಂದಾಯಗಳ ಅಹವಾಲುಗಳನ್ನು ಅರಿಕೆಮಾಡಿಕೊಂಡರು. ಅಷ್ಟೇ. ಆ ಸಭೆಗೆ ಮತ ಹಾಕುವ ಹಕ್ಕಿರಲಿಲ್ಲ. ಒಂದು ಕಾಸನ್ನೂ ತಡೆಯುವ ಶಕ್ತಿಯಿರಲಿಲ್ಲ. ಕೇಳಬಹುದಾಗಿದ್ದಿತು, ತಡೆಯುವಂತಿರಲಿಲ್ಲ.

ಹಾಗೆಂದು ಅದನ್ನು ಬರಿಯ ದಸರೆಯ ಅಲಂಕಾರವೆಂದು ತಳ್ಳಿಬಿಡುವುದು ನ್ಯಾಯವಲ್ಲ. ರಾಜ್ಯದ ದೊಡ್ಡ ಅಧಿಕಾರಿಯು ಎದ್ದುನಿಂತು ರೈತರ ಮುಂದೆ ಜಮಾಖರ್ಚನ್ನು ಓದಬೇಕಾಯಿತು. ಓದಿದ ಲೆಕ್ಕಕ್ಕೆ ಪ್ರಶ್ನೆ ಹುಟ್ಟುವುದು ಸಹಜ. ಪ್ರಶ್ನೆಗೆ ಒಮ್ಮೆ ಉತ್ತರ ಕೊಟ್ಟವರು ಮರುವರ್ಷ ಕೊಡುವುದಿಲ್ಲವೆಂದು ಹೇಳಲಾರರು. ಹೀಗೆ ಒಂದೊಂದು ಮೆಟ್ಟಿಲಾಗಿ ಸಭೆಯು ಮೇಲೇರಿತು. ಶೇಷಾದ್ರಿ ಅಯ್ಯರವರ ದಿವಾನಗಿರಿಯಲ್ಲಿ ಆಸ್ತಿವಂತರಿಂದ ಸದಸ್ಯರ ಚುನಾವಣೆಯು ಮೊದಲಾಯಿತು. ೧೯೦೭ರಲ್ಲಿ ಕಾಯಿದೆಗಳನ್ನು ಮಾಡುವುದಕ್ಕೆಂದು ನ್ಯಾಯವಿಧಾಯಕ ಸಭೆಯು ಬೇರೆಯಾಗಿ ಏರ್ಪಟ್ಟಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಆ ಸಭೆಗೆ ಪ್ರಶ್ನೆ ಕೇಳುವ ಹಕ್ಕೂ ಆಯವ್ಯಯವನ್ನು ಚರ್ಚಿಸುವ ಹಕ್ಕೂ ದೊರೆತುವು. ಬ್ರಜೇಂದ್ರನಾಥ ಶೀಲರ ಸಮಿತಿಯ ವರದಿಯನ್ನನುಸರಿಸಿ ೧೯೨೩ರಲ್ಲಿ ಎರಡು ಸಭೆಗಳಿಗೂ ಕಾಯಿದೆಯ ಆಧಾರ ಬಂದಿತು; ಹೊಸ ತೆರಿಗೆಯನ್ನು ಹಾಕುವ ಮುನ್ನ ಪ್ರಜಾಪ್ರತಿನಿಧಿ ಸಭೆಯ ಅಭಿಪ್ರಾಯವನ್ನು ಕೇಳಬೇಕೆಂದಾಯಿತು; ನ್ಯಾಯವಿಧಾಯಕ ಸಭೆಯು ವೆಚ್ಚದ ಬೇಡಿಕೆಗಳ ಮೇಲೆ ಮತ ಕೊಡುವಂತಾಯಿತು; ಸ್ತ್ರೀಯರಿಗೆ ಮತಾಧಿಕಾರದ ಬಾಗಿಲು ತೆರೆಯಿತು. ೧೯೪೦ರ ಸುಧಾರಣೆಯಲ್ಲಿ ಪ್ರಜಾಪ್ರತಿನಿಧಿ ಸಭೆಯ ಸಂಖ್ಯೆಯು ೩೧೦ಕ್ಕೂ ನ್ಯಾಯವಿಧಾಯಕ ಸಭೆಯ ಸಂಖ್ಯೆಯು ೬೮ಕ್ಕೂ ಏರಿ, ಚುನಾಯಿತ ಸದಸ್ಯರಲ್ಲಿ ಇಬ್ಬರಾದರೂ ಮಂತ್ರಿಗಳಾಗಬೇಕೆಂಬ ನಿಯಮವೂ ಬಂದಿತು.

ಇಷ್ಟೆಲ್ಲ ಆದರೂ ಒಂದು ಗಂಟು ಬಿಚ್ಚಿರಲಿಲ್ಲ. ಸಭೆಯು ಬೇಡವೆಂದರೂ ದಿವಾನರು ತಮ್ಮ ಸ್ಥಾನದಲ್ಲಿಯೇ ಇರಬಹುದಾಗಿದ್ದಿತು. ಅವರನ್ನು ನೇಮಿಸುವವರೂ ತೆಗೆಯುವವರೂ ಮಹಾರಾಜರು. ಈ ಗಂಟನ್ನು ಬಿಚ್ಚಬೇಕೆಂಬುದೇ ಜವಾಬ್ದಾರಿ ಸರ್ಕಾರದ ಬೇಡಿಕೆ. ೧೯೩೮ರಲ್ಲಿ ಶಿವಪುರದಲ್ಲಿ ಧ್ವಜಸತ್ಯಾಗ್ರಹವು ನಡೆಯಿತು. ಅದೇ ವರ್ಷ ವಿದುರಾಶ್ವತ್ಥದಲ್ಲಿ ಗುಂಡಿಗೆ ಜನರು ಬಲಿಯಾದರು. ೧೯೪೭ರ ಸೆಪ್ಟೆಂಬರಿನಲ್ಲಿ ‘ಮೈಸೂರು ಚಲೋ’ ಚಳವಳಿಯು ರಾಜ್ಯವನ್ನೆಲ್ಲ ವ್ಯಾಪಿಸಿತು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರು ಮುಖ್ಯಮಂತ್ರಿಗಳಾದರು. ಕೇಳುವ ಹಕ್ಕಿನಿಂದ ತಡೆಯುವ ಹಕ್ಕಿನವರೆಗೆ ನಡೆದುಬರಲು ಈ ನಾಡಿಗೆ ೬೬ ವರ್ಷಗಳು ಬೇಕಾದುವೆಂಬುದನ್ನು ನೆನಪಿನಲ್ಲಿಡತಕ್ಕದ್ದು. ಪುಕ್ಕಟೆಯಾಗಿ ಬಂದ ಹಕ್ಕಲ್ಲ ಇದು.

೧೯೫೦ನೆಯ ಜನವರಿ ೨೬ರಿಂದ ಜಾರಿಗೆ ಬಂದ ಭಾರತ ಸಂವಿಧಾನವು ಈ ಹಕ್ಕನ್ನು ಭದ್ರಪಡಿಸಿತು. ಅಮೆರಿಕದಲ್ಲಿ ಅಧ್ಯಕ್ಷನನ್ನೂ ಶಾಸಕಸಭೆಯನ್ನೂ ಜನರು ಬೇರೆ ಬೇರೆಯಾಗಿ ಆರಿಸುವರು; ಅಧ್ಯಕ್ಷನ ಮಂತ್ರಿಗಳು ಸಭೆಯ ಸದಸ್ಯರಾಗಿರುವಂತಿಲ್ಲ. ಭಾರತವು ಇಂಗ್ಲೆಂಡಿನ ಪದ್ಧತಿಯನ್ನು ಅನುಸರಿಸಿತು. ಇಲ್ಲಿ ಕಾರ್ಯಾಂಗವು ಶಾಸಕಾಂಗದ ಮಡಿಲಲ್ಲಿಯೇ ಹುಟ್ಟುವ ಕೂಸು. ಮಂತ್ರಿಯಾದವನು ಆರು ತಿಂಗಳೊಳಗಾಗಿ ಯಾವುದಾದರೊಂದು ಸದನದ ಸದಸ್ಯನಾಗಬೇಕು. ಮಂತ್ರಿಮಂಡಲವು ಒಟ್ಟಾಗಿ ವಿಧಾನಸಭೆಗೆ ಹೊಣೆಯಾಗಿರಬೇಕೆಂದು ೧೬೪ನೆಯ ಅನುಚ್ಛೇದವು ವಿಧಿಸುತ್ತದೆ. ಸಭೆಯ ವಿಶ್ವಾಸವು ತಪ್ಪಿದರೆ ಮಂತ್ರಿಮಂಡಲವು ಇಳಿಯಬೇಕು.

ಹಣದ ವಿಷಯದಲ್ಲಿ ಈ ಹಂಚಿಕೆಯು ಇನ್ನೂ ಸ್ಪಷ್ಟವಾಗಿದೆ. ವೆಚ್ಚದ ಬೇಡಿಕೆಯನ್ನು ಸದನದ ಮುಂದಿಡುವುದು ಸರ್ಕಾರದ ಹಕ್ಕು. ಸದಸ್ಯರು ಅದನ್ನು ಒಪ್ಪಬಹುದು, ನಿರಾಕರಿಸಬಹುದು, ಕಡಿಮೆ ಮಾಡಬಹುದು, ಹೆಚ್ಚಿಸುವಂತಿಲ್ಲ. ಸದನವು ಧನವಿನಿಯೋಗದ ಕಾಯಿದೆ ಮಾಡಿದ ಹೊರತು ರಾಜ್ಯದ ಸಂಚಿತ ನಿಧಿಯಿಂದ ಹಣವನ್ನು ತೆಗೆಯುವಂತಿಲ್ಲ. ವೆಚ್ಚವಾದ ಬಳಿಕ ಮಹಾಲೆಕ್ಕಪರಿಶೋಧಕರ ವರದಿಯು ಸದನಕ್ಕೆ ಬಂದು, ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ಅದನ್ನು ಪರಿಶೀಲಿಸುತ್ತದೆ. ಮಠದ ಜಾತ್ರೆಯ ಉದಾಹರಣೆಯಿಂದ ಇದು ಸುಲಭವಾಗಿ ತಿಳಿಯುವುದು. ದಾಸೋಹವನ್ನು ನಡೆಯಿಸುವವರು ಕೆಲವರು. ಎಷ್ಟು ಅಕ್ಕಿ ಬೇಕೆಂದು ಹೇಳುವವರೂ ಅವರೇ. ಆದರೆ ಉಗ್ರಾಣದ ಬೀಗವನ್ನು ತೆಗೆಯುವುದು ಭಕ್ತಮಂಡಲಿಯ ಒಪ್ಪಿಗೆಯಿಂದ. ಜಾತ್ರೆ ಮುಗಿದ ಮೇಲೆ ಲೆಕ್ಕವನ್ನು ನೋಡುವುದೂ ಭಕ್ತಮಂಡಲಿಯೇ. ಬಡಿಸುವ ಕೈಯೂ ಲೆಕ್ಕ ನೋಡುವ ಕಣ್ಣೂ ಒಂದೇ ಆದರೆ ದಾಸೋಹದ ಹೆಸರು ಕೆಡುವುದು.

ಮಂತ್ರಿಯ ಸ್ಥಾನವು ಬೇರೆ, ಶಾಸಕನ ಸ್ಥಾನವು ಬೇರೆ ಎಂಬುದಕ್ಕೆ ನೆರೆಯ ನಂಜನಗೂಡಿನಲ್ಲಿಯೇ ಒಂದು ನಿದರ್ಶನವುಂಟು. ಆ ಕ್ಷೇತ್ರದ ಶಾಸಕರೂ ಕಂದಾಯ ಮಂತ್ರಿಗಳೂ ಆಗಿದ್ದ ಶ್ರೀ ವಿ. ಶ್ರೀನಿವಾಸ ಪ್ರಸಾದರನ್ನು ೨೦೧೬ನೆಯ ಜೂನ್ ತಿಂಗಳಲ್ಲಿ ಮಂತ್ರಿಮಂಡಲದಿಂದ ಕೈಬಿಡಲಾಯಿತು. ಮುಖ್ಯಮಂತ್ರಿಯ ಸಲಹೆಯಿಂದ ದೊರೆತ ಪದವಿಯು ಮುಖ್ಯಮಂತ್ರಿಯ ಸಲಹೆಯಿಂದಲೇ ಹೋಯಿತು. ಇದರಲ್ಲಿ ಕಾನೂನಿಗೆ ವಿರೋಧವೇನೂ ಇಲ್ಲ. ಆದರೆ ಶಾಸಕತ್ವವನ್ನು ಮುಖ್ಯಮಂತ್ರಿಯು ಕೊಟ್ಟಿರಲಿಲ್ಲ. ಆದುದರಿಂದ ಅದನ್ನು ಕಿತ್ತುಕೊಳ್ಳುವಂತೆಯೂ ಇರಲಿಲ್ಲ. ಪ್ರಸಾದರು ತಾವಾಗಿಯೇ ಆ ವರ್ಷದ ಅಕ್ಟೋಬರಿನಲ್ಲಿ ಅದಕ್ಕೆ ರಾಜೀನಾಮೆಯಿತ್ತು, ೨೦೧೭ರ ಏಪ್ರಿಲ್ ೯ರ ಉಪಚುನಾವಣೆಯಲ್ಲಿ ಬೇರೆ ಪಕ್ಷದಿಂದ ನಿಂತರು. ಮತದಾರರು ಕಳಲೆ ಕೇಶವಮೂರ್ತಿಯವರನ್ನು ಆರಿಸಿದರು. ಯಾರು ಗೆದ್ದರು, ಯಾರು ಸೋತರು ಎಂಬುದು ಇಲ್ಲಿ ಮುಖ್ಯವಲ್ಲ. ಮಂತ್ರಿಪದವಿಯ ತೀರ್ಮಾನವು ಬೆಂಗಳೂರಿನಲ್ಲಿ ಆಯಿತು, ಶಾಸಕಪದವಿಯ ತೀರ್ಮಾನವು ನಂಜನಗೂಡಿನಲ್ಲಿ ಆಯಿತು ಎಂಬುದೇ ಗಮನಿಸತಕ್ಕ ಅಂಶ.

ಇನ್ನು ಸೆಣಸಾಟದ ವಿಚಾರ. ಮಂತ್ರಿಮಂಡಲಕ್ಕೆ ಸಭೆಯ ವಿಶ್ವಾಸವಿದೆಯೋ ಇಲ್ಲವೋ ಎಂಬುದನ್ನು ಎಲ್ಲಿ ಎಣಿಸಬೇಕು? ಈ ಪ್ರಶ್ನೆಗೆ ಭಾರತಕ್ಕೆಲ್ಲ ಉತ್ತರವಿತ್ತುದು ಕರ್ಣಾಟಕದ ಒಂದು ಪ್ರಕರಣ. ೧೯೮೯ರ ಏಪ್ರಿಲಿನಲ್ಲಿ ಶ್ರೀ ಎಸ್. ಆರ್. ಬೊಮ್ಮಾಯಿಯವರ ಸರ್ಕಾರಕ್ಕೆ ಬೆಂಬಲವಿಲ್ಲವೆಂದು ೧೯ ಮಂದಿ ಶಾಸಕರ ಹೆಸರಿನ ಪತ್ರಗಳು ರಾಜ್ಯಪಾಲರಿಗೆ ತಲಪಿದುವು. ಬಳಿಕ ಅವರಲ್ಲಿ ೭ ಮಂದಿ, ತಮ್ಮ ಸಹಿಯನ್ನು ತಪ್ಪುತಿಳಿವಳಿಕೆ ಕೊಟ್ಟು ಪಡೆಯಲಾಯಿತೆಂದು ತಿಳಿಸಿದರು. ಬೇಕಾದರೆ ಅಧಿವೇಶನವನ್ನು ಮೊದಲೇ ಕರೆದು ಸದನದಲ್ಲಿಯೇ ಬಲವನ್ನು ತೋರಿಸುವುದಾಗಿ ಮುಖ್ಯಮಂತ್ರಿಗಳು ಹೇಳಿದರೂ, ಏಪ್ರಿಲ್ ೨೧ರಂದು ಸರ್ಕಾರವು ವಜಾ ಆಯಿತು. ೧೯೯೪ರ ಮಾರ್ಚ್ ೧೧ರಂದು ಒಂಬತ್ತು ನ್ಯಾಯಾಧೀಶರ ಪೀಠವು ಇದು ಸಂವಿಧಾನಕ್ಕೆ ವಿರುದ್ಧವಾದುದೆಂದೂ, ಬಹುಮತವನ್ನು ಪರೀಕ್ಷಿಸುವ ಸ್ಥಳವು ಸದನವೇ ಹೊರತು ರಾಜಭವನದ ಕೊಠಡಿಯಲ್ಲವೆಂದೂ ತೀರ್ಮಾನಿಸಿತು. ಬೊಮ್ಮಾಯಿಯವರ ಅಧಿಕಾರವು ಮರಳಲಿಲ್ಲ. ತತ್ತ್ವವು ಮಾತ್ರ ಉಳಿಯಿತು. ಆ ತತ್ತ್ವದ ಬಲದಿಂದಲೇ ೨೦೧೮ರಲ್ಲಿ, ಹದಿನೈದು ದಿನಗಳ ಅವಕಾಶ ಪಡೆದಿದ್ದ ಯಡಿಯೂರಪ್ಪನವರ ಸರ್ಕಾರವು ಮೇ ೧೯ರಂದೇ ಸದನವನ್ನು ಎದುರಿಸಬೇಕೆಂದು ಸುಪ್ರೀಂ ಕೋರ್ಟು ಆಜ್ಞಾಪಿಸಿತು. ಮತಕ್ಕೆ ಮುನ್ನವೇ ಅವರು ರಾಜೀನಾಮೆಯಿತ್ತರು. ೨೦೧೯ರ ಜುಲೈ ೨೩ರಂದು ಕುಮಾರಸ್ವಾಮಿಯವರ ಸರ್ಕಾರವು ೯೯ಕ್ಕೆ ಪ್ರತಿಯಾಗಿ ೧೦೫ ಮತಗಳಿಂದ ಸದನದಲ್ಲಿಯೇ ಸೋತು ಇಳಿಯಿತು.

ಸಂಗಮದ ಜನರಿಗೆ ಹೆಚ್ಚು ಹತ್ತಿರವಾದುದು ನೀರಿನ ಪ್ರಕರಣ. ೧೯೯೧ರ ಜೂನ್ ೨೫ರಂದು ಕಾವೇರಿ ನ್ಯಾಯಮಂಡಳಿಯು ವರ್ಷಕ್ಕೆ ೨೦೫ ಟಿ.ಎಂ.ಸಿ. ನೀರನ್ನು ತಮಿಳುನಾಡಿಗೆ ಬಿಡಬೇಕೆಂದು ಮಧ್ಯಂತರ ಆಜ್ಞೆ ಮಾಡಿತು. ಬಂಗಾರಪ್ಪನವರ ಸರ್ಕಾರವು ಜುಲೈ ೨೫ರಂದು ಸುಗ್ರೀವಾಜ್ಞೆಯನ್ನು ಹೊರಡಿಸಿ ಆ ಆಜ್ಞೆಯನ್ನು ತಡೆಯಲೆಳಸಿತು. ಬಳಿಕ ಶಾಸಕಾಂಗವೂ ಅದನ್ನು ಕಾಯಿದೆಯನ್ನಾಗಿ ಮಾಡಿತು. ನವೆಂಬರ್ ೨೨ರಂದು ಸುಪ್ರೀಂ ಕೋರ್ಟು, ಇದು ರಾಜ್ಯದ ಅಧಿಕಾರವನ್ನು ಮೀರಿದುದೆಂದು ಅಭಿಪ್ರಾಯವಿತ್ತಿತು. ಎರಡು ಅಂಗಗಳು ಒಂದಾಗಿ ನಿಂತರೂ ಸಂವಿಧಾನದ ಗಡಿಯನ್ನು ದಾಟಲಾರವೆಂಬ ಪಾಠವು ಅಂದು ದೊರೆಯಿತು.

೨೦೧೬ರಲ್ಲಿ ಮಳೆಯು ಕೈಕೊಟ್ಟು ಜಲಾಶಯಗಳು ತಳ ಕಂಡಾಗ ಇದೇ ಪ್ರಸಂಗವು ಬೇರೆ ರೂಪದಲ್ಲಿ ಬಂದಿತು. ದಿನಕ್ಕೆ ೬೦೦೦ ಕ್ಯುಸೆಕ್ ಬಿಡಬೇಕೆಂದು ಸೆಪ್ಟೆಂಬರ್ ೨೦ರಂದು ಸುಪ್ರೀಂ ಕೋರ್ಟು ಆಜ್ಞಾಪಿಸಿತು. ಸಿದ್ದರಾಮಯ್ಯನವರ ಸರ್ಕಾರವು ಶಾಸಕಾಂಗದ ವಿಶೇಷ ಅಧಿವೇಶನವನ್ನು ಕರೆಯಿತು. ಕೃಷ್ಣರಾಜಸಾಗರ, ಕಬಿನಿ, ಹಾರಂಗಿ, ಹೇಮಾವತಿ ಈ ನಾಲ್ಕು ಜಲಾಶಯಗಳ ನೀರನ್ನು ಕುಡಿಯುವುದಕ್ಕಲ್ಲದೆ ಮತ್ತಾವುದಕ್ಕೂ ಕೊಡಕೂಡದೆಂದು ಸೆಪ್ಟೆಂಬರ್ ೨೩ರಂದು ಎರಡು ಸದನಗಳೂ ಒಮ್ಮತದಿಂದ ನಿರ್ಣಯಿಸಿದುವು. ಕಾರ್ಯಾಂಗವು ಆ ನಿರ್ಣಯವನ್ನು ಗುರಾಣಿಯಂತೆ ಹಿಡಿದು, ಸದನದ ಮಾತಿಗೆ ತಾನು ಬದ್ಧವೆಂದು ನ್ಯಾಯಾಲಯದ ಮುಂದೆ ನಿಂತಿತು. ನ್ಯಾಯಾಲಯವು ಒಪ್ಪದೆ ನೀರು ಬಿಡಬೇಕೆಂದು ಮತ್ತೆ ಮತ್ತೆ ಆಜ್ಞಾಪಿಸಿತು.

ಇಲ್ಲಿ ವಿವೇಕಿಗಳು ಗಮನಿಸಬೇಕಾದ ಇನ್ನೊಂದು ಮುಖವಿದೆ. ಕುಡಿಯುವುದಕ್ಕೆ ಮಾತ್ರವೆಂದ ನಿರ್ಣಯವು ಹೊರಗಿನವರಿಗೆ ನೀರನ್ನು ತಡೆದಂತೆಯೇ ಒಳಗಿನ ರೈತನ ಗದ್ದೆಗೂ ತಡೆಯಿತು. ಕಬಿನಿಯ ಬಲದಂಡೆ ನಾಲೆಯನ್ನು ನೆಚ್ಚಿಕೊಂಡ ನಂಜನಗೂಡು, ನರಸೀಪುರಗಳ ಸಾಗುವಳಿದಾರನ ಪೈರಿಗೂ ಅದೇ ಮಾತು ಅನ್ವಯಿಸುತ್ತಿದ್ದಿತು. ಅಕ್ಟೋಬರ್ ೩ರಂದು ಸದನಗಳು ಮತ್ತೆ ಸೇರಿ, ನಿಂತ ಪೈರಿಗೆ ನೀರು ಕೊಡಬಹುದೆಂದು ಹೊಸ ನಿರ್ಣಯವನ್ನು ಮಾಡಿದುವು. ಅದರಿಂದ ನದಿಗೆ ನೀರು ಹರಿಯುವ ದಾರಿಯೂ ತೆರೆಯಿತು. ಹತ್ತು ದಿನಗಳೊಳಗೆ ಒಂದೇ ಸದನವು ತನ್ನ ಮಾತನ್ನು ತಿದ್ದಿಕೊಂಡಿತು. ಇದನ್ನು ಚಂಚಲತೆಯೆಂದು ಕೆಲವರು ಹಳಿಯಬಹುದು. ಆದರೆ ಸದನವು ಸೇರಿದ್ದರಿಂದಲೇ ಆ ತಿದ್ದುಪಡಿಯು ಎಲ್ಲರ ಕಣ್ಣೆದುರಿನಲ್ಲಿ, ಹೊಣೆಯರಿತು ಆಯಿತೆಂಬುದನ್ನು ಮರೆಯಬಾರದು. ಕಚೇರಿಯ ಕಡತದಲ್ಲಿ ಆದ ಬದಲಾವಣೆಯು ರೈತನಿಗೆ ಕಾಣುವುದು ನಾಲೆ ಬತ್ತಿದ ಮೇಲೆಯೇ.

ಸದನವು ಸೇರದಿದ್ದಾಗ ಕಾನೂನಿನ ಬಲವನ್ನು ಕಾರ್ಯಾಂಗವು ತಾನೇ ಹಿಡಿಯಲು ೨೧೩ನೆಯ ಅನುಚ್ಛೇದವು ದಾರಿಯನ್ನು ಕೊಟ್ಟಿದೆ. ಅದೇ ಸುಗ್ರೀವಾಜ್ಞೆ. ಸದನವು ಮತ್ತೆ ಸೇರಿದ ದಿನದಿಂದ ಆರು ವಾರಗಳಲ್ಲಿ ಅದು ತಾನಾಗಿ ಅಳಿಯತಕ್ಕದ್ದು. ಮನೆಗೆ ಬೆಂಕಿ ಬಿದ್ದಾಗ ಯಜಮಾನನ ಅಪ್ಪಣೆಗಾಗಿ ಕಾಯದೆ ನೀರೆರಚುವಂತೆ, ಆಪತ್ಕಾಲಕ್ಕೆಂದು ಇರುವ ಅಧಿಕಾರವಿದು. ಬಿಹಾರದಲ್ಲಿ ೧೯೬೭ರಿಂದ ೧೯೮೧ರೊಳಗೆ ೨೫೬ ಸುಗ್ರೀವಾಜ್ಞೆಗಳು ಹೊರಟು, ಕೆಲವನ್ನು ಹದಿನಾಲ್ಕು ವರ್ಷಗಳವರೆಗೂ ಮತ್ತೆ ಮತ್ತೆ ಜೀವಗೊಳಿಸಿದುದನ್ನು ಕಂಡು, ಸುಪ್ರೀಂ ಕೋರ್ಟು ೧೯೮೬ರಲ್ಲಿ ಅದನ್ನು ಸಂವಿಧಾನಕ್ಕೆ ಬಗೆದ ವಂಚನೆಯೆಂದು ಕರೆಯಿತು. ಕರ್ಣಾಟಕದಲ್ಲಿ ರೈತರಲ್ಲದವರು ಸಾಗುವಳಿಯ ಭೂಮಿಯನ್ನು ಕೊಳ್ಳದಂತೆ ೧೯೬೧ರ ಭೂಸುಧಾರಣಾ ಕಾಯಿದೆಯಲ್ಲಿದ್ದ ನಿರ್ಬಂಧಗಳನ್ನು ೨೦೨೦ರ ಜುಲೈಯಲ್ಲಿ ಸುಗ್ರೀವಾಜ್ಞೆಯಿಂದ ತೆಗೆದುಹಾಕಲಾಯಿತು. ಸೆಪ್ಟೆಂಬರಿನಲ್ಲಿ ವಿಧಾನಸಭೆಯು ಮಸೂದೆಯನ್ನು ಅಂಗೀಕರಿಸಿತಾದರೂ ವಿಧಾನಪರಿಷತ್ತಿನ ಒಪ್ಪಿಗೆಯು ದೊರೆತುದು ಡಿಸೆಂಬರಿನಲ್ಲಿ. ಆ ತಿದ್ದುಪಡಿಯು ಒಳ್ಳೆಯದೋ ಕೆಟ್ಟದೋ ಎಂಬುದು ಬೇರೆ ಚರ್ಚೆ. ಆದರೆ ಚರ್ಚೆಗೆ ಮುನ್ನವೇ ಕಾನೂನು ನಡೆಯತೊಡಗಿದರೆ, ಅಷ್ಟರಲ್ಲಿ ಕ್ರಯವಾಗಿಹೋದ ಹೊಲವು ಸದನವು ಬೇಡವೆಂದರೂ ಸುಲಭವಾಗಿ ಮರಳುವುದಿಲ್ಲ. ಮಣ್ಣಿನ ವಿಷಯದಲ್ಲಿ ಮೊದಲು ಮಾತು, ಬಳಿಕ ಮುದ್ರೆ ಎಂಬ ಕ್ರಮವೇ ಕ್ಷೇಮ.

ಇಂದಿನ ಅಪಾಯವು ೧೮೮೧ರ ಅಪಾಯಕ್ಕೆ ತಿರುಗುಮುರುಗಾದುದು. ಅಂದಿನ ಸಭೆಗೆ ಕೇಳುವ ಬಾಯಿಯಿದ್ದಿತು, ತಡೆಯುವ ಕೈಯಿರಲಿಲ್ಲ. ಇಂದಿನ ಸಭೆಗೆ ತಡೆಯುವ ಕೈಯಿದೆ; ಕೇಳುವ ಬಾಯಿಯು ಮುಚ್ಚುತ್ತಿದೆ. ಇದಕ್ಕೆ ಕಾರಣಗಳು ಹಲವು. ೧೯೮೫ರ ೫೨ನೆಯ ತಿದ್ದುಪಡಿಯು ಪಕ್ಷಾಂತರವನ್ನು ತಡೆಯಲೆಂದು ಬಂದಿತು. ಅದು ಅವಶ್ಯಕವೂ ಆಗಿದ್ದಿತು. ಆದರೆ ಪಕ್ಷದ ಆಜ್ಞೆಗೆ ವಿರುದ್ಧವಾಗಿ ಮತ ಕೊಟ್ಟ ಸದಸ್ಯನು ಸ್ಥಾನವನ್ನೇ ಕಳೆದುಕೊಳ್ಳುವ ಭಯದಿಂದ, ಆಳುವ ಪಕ್ಷದ ಶಾಸಕನು ಆಳುವವರನ್ನು ಕೇಳಲು ಹಿಂಜರಿಯುವನು. ಪಕ್ಷದ ಮುಂದಾಳುವೇ ಮುಖ್ಯಮಂತ್ರಿಯೂ ಆಗಿರುವಾಗ, ಕೂಸು ತಾಯಿಯನ್ನು ಆಳಿದಂತಾಗುವುದು. ಅಲ್ಲದೆ, ಮಂತ್ರಿಗಳ ಸಂಖ್ಯೆಯು ಸಭೆಯ ಶೇಕಡ ೧೫ನ್ನು ಮೀರಕೂಡದೆಂದು ೨೦೦೩ರ ೯೧ನೆಯ ತಿದ್ದುಪಡಿಯು ಕಟ್ಟುಮಾಡಿದ್ದರಿಂದ, ೨೨೪ ಸದಸ್ಯರ ವಿಧಾನಸಭೆಯಲ್ಲಿ ಮುಖ್ಯಮಂತ್ರಿಯೂ ಸೇರಿ ೩೪ ಮಂದಿಗಷ್ಟೇ ಮಂತ್ರಿಪದವಿ. ಉಳಿದವರಲ್ಲಿ ಅನೇಕರು ಆ ಪದವಿಯ ನಿರೀಕ್ಷೆಯಲ್ಲಿ ಕುಳಿತರೆ ಪ್ರಶ್ನೆ ಕೇಳುವವರಾರು?

ವರ್ಷಕ್ಕೆ ೬೦ ದಿನಗಳಿಗೆ ಕಡಿಮೆಯಿಲ್ಲದಂತೆ ಸದನವು ಸೇರಬೇಕೆಂದು ಈ ರಾಜ್ಯದ ಶಾಸಕಾಂಗವೇ ೨೦೦೫ರಲ್ಲಿ ಒಂದು ಕಾಯಿದೆಯನ್ನು ಮಾಡಿಕೊಂಡಿತು. ಆ ಸಂಖ್ಯೆಯನ್ನು ಮುಟ್ಟದೆ ಕಳೆದ ವರ್ಷಗಳೇ ಹೆಚ್ಚು. ತಾನೇ ಕೈಗೊಂಡ ವ್ರತವನ್ನು ತಾನೇ ಮುರಿದರೆ ಅದಕ್ಕೆ ಪ್ರಾಯಶ್ಚಿತ್ತವನ್ನು ವಿಧಿಸುವವರು ಯಾರು? ಕರೆಯಬೇಕಾದ ಕಾರ್ಯಾಂಗವು ಕರೆಯಲಿಲ್ಲ. ಕೇಳಬೇಕಾದ ಸದಸ್ಯರು ಏಕೆ ಕರೆಯಲಿಲ್ಲವೆಂದು ಗಟ್ಟಿಯಾಗಿ ಕೇಳಲಿಲ್ಲ. ಕಳುಹಿಸಿದ ಮತದಾರರು ಆ ದಿನಗಳನ್ನು ಎಣಿಸಲಿಲ್ಲ. ದೋಷವು ಮೂವರಲ್ಲಿಯೂ ಹಂಚಿಹೋಗಿದೆ.

ಆದುದರಿಂದ ಭಕ್ತಮಹಾಶಯರು ಮಾಡಬಹುದಾದ ಕೆಲಸವೊಂದಿದೆ. ಶಾಸಕರು ಊರಿಗೆ ಬಂದಾಗ ರಸ್ತೆಯನ್ನೂ ಸಮುದಾಯಭವನವನ್ನೂ ಕೇಳುವುದು ವಾಡಿಕೆ. ರಸ್ತೆಯನ್ನು ಮಾಡಿಸುವುದು ಕಾರ್ಯಾಂಗದ ಕೆಲಸ. ಶಾಸಕನ ನಿಜವಾದ ಕೆಲಸವನ್ನು ಕುರಿತು ಕೇಳುವ ಪ್ರಶ್ನೆಗಳು ಬೇರೆ ಇವೆ: ಈ ವರ್ಷ ಸದನವು ಎಷ್ಟು ದಿನ ಸೇರಿತು? ತಾವು ಎಷ್ಟು ದಿನ ಕುಳಿತಿದ್ದಿರಿ? ನಾಲೆಯ ದುರಸ್ತಿಗೆ ಮಂಜೂರಾದ ಹಣವೆಷ್ಟು, ವೆಚ್ಚವಾದುದೆಷ್ಟು ಎಂದು ಕೇಳಿದಿರಾ? ಬಂದ ಉತ್ತರವೇನು? ಮತಕ್ಕೆ ಬಂದ ಮಸೂದೆಯನ್ನು ಓದಿದಿರಾ? ಇಷ್ಟನ್ನು ಪ್ರತಿಯೊಂದು ಊರಿನವರೂ ವಿನಯದಿಂದ, ಆದರೆ ತಪ್ಪದೆ ಕೇಳಿದರೆ, ಸದನದಲ್ಲಿ ಕೇಳುವ ಬಾಯಿಯು ತಾನಾಗಿ ತೆರೆಯುವುದು.

ಒಂದು ಕಾಲದಲ್ಲಿ ತಾಲ್ಲೂಕಿನ ರೈತನು ದಸರೆಯ ಸಭೆಗೆ ಹೋಗಿ, ಮತವಿಲ್ಲದೆ, ಬಲವಿಲ್ಲದೆ, ತನ್ನ ಕೆರೆಯ ಏರಿಯೊಡೆದುದನ್ನು ದಿವಾನರ ಮುಂದೆ ಹೇಳಿಬಂದನು. ಮತವೂ ಬಲವೂ ಇ­ರುವ ಅವನ ಮರಿಮಕ್ಕಳು ಸುಮ್ಮನಿರುವುದು ಅವನಿಗೆ ಮಾಡುವ ಗೌರವವಲ್ಲ. ಆಳುವವರಿಗೆ ದಕ್ಷತೆಯೂ ಕೇಳುವವರಿಗೆ ಧೈರ್ಯವೂ ಉಂಟಾಗಲೆಂದು ಪ್ರಾರ್ಥಿಸಿ ಈ ಉಪನ್ಯಾಸವನ್ನು ಮುಗಿಸಲಾಗಿದೆ.